ವೇಬ್ರಿಡ್ಜ್ ಪಿಸಿಯೊಳಗಿನ ಐಆರ್‌ಕ್ಯೂ ಜಗಳ

ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ವೇಬ್ರಿಡ್ಜ್‌ನಲ್ಲಿ ಇವತ್ತಿಗೂ ತೂಕದ ಚೀಟಿ ಹಾಕುವುದು ವಿಂಡೋಸ್ 98 ಪಿಸಿಯೇ. ಅವರ ಸಾಫ್ಟ್‌ವೇರ್ ಹೊಸ ಯಂತ್ರದಲ್ಲಿ ಓಡುವುದಿಲ್ಲ. ಲಾರಿ ಹತ್ತಿದರೆ ತೂಕ ಸರಿಯಾಗಿಯೇ ಬರುತ್ತದೆ. ಆಫೀಸಿನ ಪಿಸಿಗೆ ಫೈಲ್ ಕಳಿಸಲು ಹೊರಟರೆ ಮಾತ್ರ ಅಂಕಿ ಅಲ್ಲೇ ನಿಂತುಬಿಡುತ್ತದೆ. "ನೆಟ್‌ವರ್ಕ್ ಕಾರ್ಡ್ ಬೇರೆ ಸ್ಲಾಟ್‌ಗೆ ಹಾಕಿ ನೋಡಿದ್ವಿ ಸಾರ್, ಅದೇ ಕಥೆ" ಎಂದ ಚೀಟಿ ಹಾಕುವ ಹುಡುಗ.

ಅದೇ ಕಥೆ ಆಗಲೇಬೇಕು. ಅದು ಎನ್‌ಇ2000 ಜಾತಿಯ, ಐಎಸ್‌ಎ ಎಂಬ ಹಳೇ ಬಗೆಯ ಸ್ಲಾಟ್‌ಗೆ ಕೂರುವ ಕಾರ್ಡ್. ಎಲ್ಲ ಐಎಸ್‌ಎ ಸ್ಲಾಟ್‌ಗಳಿಗೂ ಹೋಗುವುದು ಅವೇ ತಂತಿಗಳು. ಯಾವ ಐಆರ್‌ಕ್ಯೂ (ಪ್ರೊಸೆಸರ್‌ನ ಗಮನ ಸೆಳೆಯಲು ಕಾರ್ಡ್ ಬಳಸುವ ತಂತಿಯ ಸಂಖ್ಯೆ) ಎಂದು ತೀರ್ಮಾನಿಸುವುದು ಕಾರ್ಡ್ ಮೇಲಿನ ಜಂಪರ್ ಎಂಬ ಪುಟ್ಟ ಪಿನ್ ಜೋಡಕ, ಸ್ಲಾಟ್ ಅಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಎಲ್ಲಕ್ಕಿಂತ ಮೇಲಿರುವ 'ಕಂಪ್ಯೂಟರ್' ಮೇಲೆ ಡಬಲ್ ಕ್ಲಿಕ್ ಮಾಡಿದರೆ 0ಯಿಂದ 15ರವರೆಗಿನ ಪಟ್ಟಿ ಬರುತ್ತದೆ. ಅಲ್ಲಿ 3ರಲ್ಲಿ ಇಬ್ಬರು: ತೂಕದ ಇಂಡಿಕೇಟರ್ ಸಿಕ್ಕಿಸಿದ ಕಾಮ್2 ಸೀರಿಯಲ್ ಪೋರ್ಟ್, ಜೊತೆಗೆ ನೆಟ್‌ವರ್ಕ್ ಕಾರ್ಡ್. ಐಎಸ್‌ಎಯಲ್ಲಿ ಒಂದು ಐಆರ್‌ಕ್ಯೂವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಒಬ್ಬರು ಸುಮ್ಮನಿದ್ದಷ್ಟು ಹೊತ್ತು ಎಲ್ಲ ಸರಿ, ಇಬ್ಬರೂ ಒಟ್ಟಿಗೆ ಕೆಲಸಕ್ಕಿಳಿದರೆ ಜಗಳ.

4 ಕಾಮ್1ಕ್ಕೆ, 6 ಫ್ಲಾಪಿಗೆ, 7 ಪ್ರಿಂಟರ್‌ಗೆ, 14 ಮತ್ತು 15 ಹಾರ್ಡ್‌ಡಿಸ್ಕ್, ಸಿಡಿ ಡ್ರೈವ್‌ಗೆ ಮೀಸಲು. ಸಾಮಾನ್ಯವಾಗಿ ಕೈಗೆ ಸಿಗುವುದು 5, 10, 11. ಜಂಪರ್ 10ಕ್ಕೆ ಹಾಕಿದ್ದಾಯಿತು. ಅಷ್ಟಕ್ಕೇ ಮುಗಿಯಲಿಲ್ಲ: ಹಳೇ ಕಾರ್ಡ್ 10ನ್ನು ಹಿಡಿದಿದೆ ಎಂದು ಬಯೋಸ್‌ಗೆ (ಪಿಸಿ ಶುರುವಾಗುವಾಗ ಓಡುವ ಬೋರ್ಡ್‌ನ ಒಳ ತಂತ್ರಾಂಶ) ಗೊತ್ತಾಗುವುದಿಲ್ಲ, ಅದನ್ನೇ ಯಾವುದೋ ಪಿಸಿಐ (ಐಎಸ್‌ಎ ನಂತರ ಬಂದ ಸ್ಲಾಟ್) ಕಾರ್ಡ್‌ಗೆ ಕೊಟ್ಟುಬಿಡುತ್ತದೆ. ಬಯೋಸ್‌ನ 'ಪಿಎನ್‌ಪಿ/ಪಿಸಿಐ ಕಾನ್ಫಿಗರೇಶನ್' ಪುಟದಲ್ಲಿ 10ನ್ನು 'ಲೆಗಸಿ ಐಎಸ್‌ಎ' ಎಂದು ಕಾಯ್ದಿರಿಸಿ, 'ರಿಸೆಟ್ ಕಾನ್ಫಿಗರೇಶನ್ ಡೇಟಾ'ವನ್ನು ಒಮ್ಮೆ ಎನೇಬಲ್ ಮಾಡಬೇಕು. ಆಮೇಲೆ ವಿಂಡೋಸ್‌ನಲ್ಲಿ ಕಾರ್ಡ್‌ನ 'ರಿಸೋರ್ಸಸ್' ತೆರೆದು ಐಆರ್‌ಕ್ಯೂ 10, ಪೋರ್ಟ್ 300ರಿಂದ 31ಎಫ್ ಎಂದು ಕೈಯಾರೆ ತುಂಬಬೇಕು. ಆಟೊಮ್ಯಾಟಿಕ್ ಟಿಕ್ ತೆಗೆಯದಿದ್ದರೆ ತುಂಬಲು ಬಿಡುವುದಿಲ್ಲ.

ಜೊತೆಗೆ ಒಂದು ಪಿಸಿಐ ಯುಎಸ್‌ಬಿ ಕಾರ್ಡನ್ನೂ ಕೂರಿಸಬೇಕಿತ್ತು. ಇಲ್ಲಿ ಸ್ಲಾಟ್ ಮುಖ್ಯ. ಪಿಸಿಐನ ನಾಲ್ಕು ಇಂಟರಪ್ಟ್ ತಂತಿಗಳು ಸ್ಲಾಟಿಂದ ಸ್ಲಾಟಿಗೆ ಅದಲುಬದಲಾಗುತ್ತವೆ, ಡಿಸ್‌ಪ್ಲೇ ಕಾರ್ಡ್ ಕೂರುವ ಏಜಿಪಿ ಸ್ಲಾಟ್ ಪಕ್ಕದ ಮೊದಲ ಸ್ಲಾಟ್ ಎಷ್ಟೋ ಬೋರ್ಡ್‌ಗಳಲ್ಲಿ ಡಿಸ್‌ಪ್ಲೇ ಕಾರ್ಡ್‌ನ ಐಆರ್‌ಕ್ಯೂವನ್ನೇ ಹಂಚಿಕೊಳ್ಳುತ್ತದೆ. ಪಿಸಿಐಗೆ ಹಂಚಿಕೆ ಒಪ್ಪಿತವೇ, ಆದರೆ ಆ ಕಾಲದ ಡ್ರೈವರ್‌ಗಳನ್ನು ನಂಬುವಂತಿಲ್ಲ. ಆ ಸ್ಲಾಟ್ ಖಾಲಿ ಬಿಟ್ಟು ಮೂರನೆಯದಕ್ಕೆ ಹಾಕಿದ್ದು ಅದಕ್ಕೇ. ಐಎಸ್‌ಎ ಪಕ್ಕದ ಕೊನೆಯ ಪಿಸಿಐ ಹೇಗೂ ಸಿಗದು: ಎರಡಕ್ಕೂ ಹಿಂಬದಿಯ ಕಿಂಡಿ ಒಂದೇ, ಒಂದು ಕೂತರೆ ಇನ್ನೊಂದು ಕೂರುವುದಿಲ್ಲ.

ಪರೀಕ್ಷೆಗೆ ಖಾಲಿ ಯಂತ್ರ ಸಾಲದು. ಲಾರಿ ಮೇಲಿರುವಾಗಲೇ ದೊಡ್ಡ ಫೈಲ್ ಕಳಿಸಿ, ಅದೇ ಹೊತ್ತಿಗೆ ಚೀಟಿಯನ್ನೂ ಪ್ರಿಂಟ್‌ಗೆ ಬಿಟ್ಟೆವು, ಅಂಕಿ ನಿಲ್ಲಲಿಲ್ಲ. ಮುಚ್ಚುವ ಮುನ್ನ ಬೋರ್ಡ್‌ನ ಸಿಆರ್2032 ಸೆಲ್ ಬದಲಿಸಿದೆವು. ಸೆಲ್ ಸತ್ತರೆ ಬಯೋಸ್‌ನಲ್ಲಿ ಕಾಯ್ದಿರಿಸಿದ 10 ಅಳಿಸಿಹೋಗಿ, ಪಿಸಿಐ ಕಾರ್ಡ್ ಅದನ್ನು ಮತ್ತೆ ಎತ್ತಿಕೊಳ್ಳುತ್ತದೆ.