‘ನನ್ನ ಟಿ-ರೆಗ್ ಎಷ್ಟಿದೆ ಅಂತ ಟೆಸ್ಟ್ ಮಾಡಿಸಲಾ?’

ಟಿ-ರೆಗ್ ಎಂಬ ಕೋಶಗಳ ಸಂಶೋಧನೆಗೆ 2025ರ ವೈದ್ಯಕೀಯ ನೊಬೆಲ್ ಘೋಷಣೆಯಾದ ಮೇಲೆ ಲೂಪಸ್, ಸಂಧಿವಾತ, ಥೈರಾಯ್ಡ್ ತೊಂದರೆ ಇರುವ ಅನೇಕರು ಕೇಳುತ್ತಿರುವುದು ಇದನ್ನೇ: “ನಮ್ಮದೇ ರೋಗನಿರೋಧಕ ಕೋಶಗಳು ನಮ್ಮ ಮೇಲೆ ತಿರುಗಿ ಬೀಳದಂತೆ ತಡೆಯುವ ಕೋಶಗಳಿವೆಯಂತಲ್ಲ, ನನಗೆ ಅವು ಕಡಿಮೆ ಇರಬೇಕು. ರಕ್ತ ಕೊಟ್ಟು ನೋಡಿಸಲಾ? ಕಡಿಮೆ ಇದ್ದರೆ ಹೆಚ್ಚಿಸಿಕೊಳ್ಳೋದು ಹೇಗೆ?”

ದೊಡ್ಡವರಲ್ಲಿ ಕಾಣುವ ಸಾಮಾನ್ಯ ಆಟೊಇಮ್ಯೂನ್ ಕಾಯಿಲೆಗಳಿಗೆ ಈ ಪರೀಕ್ಷೆ ಬೇಡ. ವರದಿಯಲ್ಲಿ ಯಾವ ಸಂಖ್ಯೆ ಬಂದರೂ ನಿಮ್ಮ ವೈದ್ಯರು ಕೊಡುವ ಔಷಧಿ ಬದಲಾಗುವುದಿಲ್ಲ. ಅದು ಏಕೆ ಎಂದು ತಿಳಿಯಬೇಕಾದರೆ ಈ ಕೋಶ ಕೆಲಸ ಮಾಡುವ ಬಗೆಯನ್ನು ನೋಡಬೇಕು.

ರೋಗನಿರೋಧಕ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕೋಶಗಳು ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಸ್ವಂತ ದೇಹವನ್ನೇ ಗುರಿಯಾಗಿಸುವ ಕೋಶಗಳು ಬಹುಪಾಲು ಅಲ್ಲೇ ಸಾಯುತ್ತವೆ. ಆದರೆ ಎಲ್ಲವೂ ಅಲ್ಲ, ಕೆಲವು ತಪ್ಪಿಸಿಕೊಂಡು ರಕ್ತಕ್ಕೆ ಸೇರುತ್ತವೆ. ಆರೋಗ್ಯವಂತರಲ್ಲೂ ಅವು ಇರುತ್ತವೆ. ಅವನ್ನು ಸುಮ್ಮನಿರಿಸುವುದೇ ನಿಯಂತ್ರಕ ಟಿ ಕೋಶ, ಅಂದರೆ ಟಿ-ರೆಗ್. ಸಿಡಿ4 ಎಂಬ ಪ್ರೋಟೀನನ್ನು ಮೇಲ್ಮೈಯಲ್ಲಿ ಹೊತ್ತ ಗುಂಪಿನ ಟಿ ಕೋಶಗಳಲ್ಲಿ ಇವು ಸುಮಾರು ಶೇ. 5ರಿಂದ 10. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಮೇಲ್ಮೈಯಲ್ಲಿ ಸಿಡಿ25 ಎಂಬ ಇನ್ನೊಂದು ಪ್ರೋಟೀನ್ ಹೊತ್ತ ಕೋಶಗಳನ್ನು ತೆಗೆದು, ಉಳಿದವನ್ನು ಟಿ ಕೋಶಗಳೇ ಇಲ್ಲದ ಇಲಿಗಳಿಗೆ ಕೊಟ್ಟಾಗ ಥೈರಾಯ್ಡ್, ಜಠರ, ಅಂಡಾಶಯ ಹೀಗೆ ಹಲವು ಅಂಗಗಳ ಮೇಲೆ ದಾಳಿಯಾಯಿತು. ತೆಗೆದ ಕೋಶಗಳನ್ನೂ ಜೊತೆಗೆ ಕೊಟ್ಟಾಗ ಆಗಲಿಲ್ಲ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ‘ಸ್ಕರ್ಫಿ’ ಗಂಡು ಇಲಿಗಳಲ್ಲಿ ಎಕ್ಸ್ ವರ್ಣತಂತುವಿನ ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟಿರುವುದನ್ನು ಕಂಡುಹಿಡಿದರು. ಟಿ-ರೆಗ್ ರೂಪುಗೊಳ್ಳಲು ಈ ಜೀನ್ ಬೇಕೇ ಬೇಕು ಎಂಬುದು 2003ರಲ್ಲಿ ಖಚಿತವಾಯಿತು.

ಟಿ-ರೆಗ್ ಹಲವು ದಾರಿಗಳಲ್ಲಿ ಕೆಲಸ ಮಾಡುತ್ತದೆ. ತನ್ನ ಸಿಟಿಎಲ್‌ಎ-4 ಪ್ರೋಟೀನಿನಿಂದ, ಬೇರೆ ಟಿ ಕೋಶಗಳನ್ನು ಕೆರಳಿಸುವ ಡೆಂಡ್ರಿಟಿಕ್ ಕೋಶಗಳ ಮೇಲಿನ ಸಿಡಿ80, ಸಿಡಿ86 ಅಣುಗಳನ್ನು ಕಿತ್ತು ಒಳಗೆಳೆದುಕೊಳ್ಳುತ್ತದೆ. ಐಎಲ್-10, ಟಿಜಿಎಫ್-ಬೀಟಾದಂಥ ಶಮನಕಾರಿ ಸಂಕೇತಗಳನ್ನು ಸ್ರವಿಸುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಇಂಟರ್‌ಲ್ಯೂಕಿನ್-2 (ಐಎಲ್-2) ಎಂಬ ಸಂಕೇತದ ಏರ್ಪಾಡು. ಟಿ ಕೋಶಗಳು ಹೆಚ್ಚಲು ಇದು ಬೇಕು. ಫಾಕ್ಸ್‌ಪಿ3 ಇದರ ಜೀನನ್ನು ಅದುಮಿಡುವುದರಿಂದ ಟಿ-ರೆಗ್ ಇದನ್ನು ತಾನೇ ತಯಾರಿಸಿಕೊಳ್ಳಲಾರದು, ಕೆರಳಿದ ಕೋಶಗಳು ಸ್ರವಿಸಿದ್ದನ್ನೇ ಹೀರಬೇಕು. ಹೀಗಾಗಿ ದಾಳಿ ಜೋರಾದಷ್ಟೂ ದಾಳಿಯನ್ನು ತಡೆಯುವವೂ ಹೆಚ್ಚುತ್ತವೆ. ಐಎಲ್-2 ಹಿಡಿಯಲು ನೆರವಾಗುವ ಸಿಡಿ25 ಸದಾ ಮೇಲ್ಮೈಯಲ್ಲಿರುವ ಕಾರಣ, ಅದಿಲ್ಲದ ಕೋಶಗಳಿಗೆ ಬೇಕಾಗುವ ಪ್ರಮಾಣದ ಸುಮಾರು ನೂರನೇ ಒಂದು ಭಾಗವೇ ಇದಕ್ಕೆ ಸಾಕು.

ಇನ್ನು ಪರೀಕ್ಷೆಯ ವಿಷಯ. ಫ್ಲೋ ಸೈಟೋಮೆಟ್ರಿ ಯಂತ್ರದಲ್ಲಿ ಸಿಡಿ4 ಇರುವ, ಸಿಡಿ25 ಹೆಚ್ಚಿರುವ, ಸಿಡಿ127 ಎಂಬ ಮೇಲ್ಮೈ ಗುರುತು ಕಡಿಮೆಯಿರುವ, ಫಾಕ್ಸ್‌ಪಿ3 ಹೊಂದಿರುವ ಕೋಶಗಳನ್ನು ಎಣಿಸುತ್ತಾರೆ. ಎಡವುವುದು ಇಲ್ಲೇ. ಮನುಷ್ಯರಲ್ಲಿ ಸಿಡಿ25 ಇದೆ-ಇಲ್ಲ ಎಂದು ಎರಡಾಗಿ ಸೀಳುವುದಿಲ್ಲ, ಕಡಿಮೆಯಿಂದ ಹೆಚ್ಚಿನವರೆಗೆ ಹರಡಿಕೊಂಡಿರುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದು ಲ್ಯಾಬಿನ ತೀರ್ಮಾನ, ಹಾಗಾಗಿ ಒಂದು ಲ್ಯಾಬಿನ ಶೇ. 4 ಇನ್ನೊಂದರಲ್ಲಿ ಶೇ. 8 ಆಗಬಹುದು. ಫಾಕ್ಸ್‌ಪಿ3 ಪ್ರೋಟೀನ್ ಇರುವುದು ಕೋಶಕೇಂದ್ರದೊಳಗೆ. ಅದನ್ನು ತೆರೆಯುವ ದ್ರಾವಣ ಸರಿಯಿಲ್ಲದಿದ್ದರೆ ಗುರುತು ಹಿಡಿಯುವ ಬಣ್ಣ ಒಳಹೋಗದೆ ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಕೆರಳಿದ ಸಾಮಾನ್ಯ ಟಿ ಕೋಶವೂ ಕೆಲಕಾಲ ಸಿಡಿ25, ಫಾಕ್ಸ್‌ಪಿ3 ಎರಡನ್ನೂ ತೋರಿಸುತ್ತದೆ. ಅಂದರೆ ಕಾಯಿಲೆ ಉಲ್ಬಣಿಸಿದಾಗ ದಾಳಿ ಮಾಡುವ ಕೋಶವೇ ಟಿ-ರೆಗ್ ಲೆಕ್ಕಕ್ಕೆ ಸೇರಿಬಿಡಬಹುದು. ಫಾಕ್ಸ್‌ಪಿ3 ಜೀನಿನ ಒಂದು ಭಾಗದ ಮೇಲೆ ಕೂತು ಅದನ್ನು ಮುಚ್ಚಿಡುವ ರಾಸಾಯನಿಕ ಗುರುತುಗಳನ್ನು (ಮಿಥೈಲ್) ಅಳೆದರೆ ನಿಜವಾದ, ಸ್ಥಿರ ಟಿ-ರೆಗ್ ತಿಳಿಯುತ್ತದೆ. ಆದರೆ ಹೆಂಗಸರಲ್ಲಿ ಒಂದು ಎಕ್ಸ್ ವರ್ಣತಂತು ಮುಚ್ಚಿರುವುದರಿಂದ ಬಂದ ಉತ್ತರವನ್ನು ಎರಡರಿಂದ ಗುಣಿಸಬೇಕು. ಇದು ಸಂಶೋಧನಾ ಲ್ಯಾಬುಗಳ ಕೆಲಸ.

ಶೇಕಡಾ ಲೆಕ್ಕವೂ ಮೋಸ ಮಾಡುತ್ತದೆ. ಒಬ್ಬರಿಗೆ ಮೈಕ್ರೋಲೀಟರ್ ರಕ್ತದಲ್ಲಿ 1000 ಸಿಡಿ4 ಕೋಶಗಳಿದ್ದು ಶೇ. 6 ಟಿ-ರೆಗ್ ಇದ್ದರೆ 60 ಆಯಿತು. ಲೂಪಸ್‌ನಿಂದಲೋ ಸ್ಟೆರಾಯ್ಡ್‌ನಿಂದಲೋ ಸಿಡಿ4 300ಕ್ಕೆ ಇಳಿದವರಲ್ಲಿ ಶೇ. 10 ಇದ್ದರೂ 30 ಮಾತ್ರ. ಶೇಕಡಾ ಏರಿದೆ, ಕೋಶಗಳು ಅರ್ಧಕ್ಕಿಳಿದಿವೆ. ಅದೂ ಬರೀ ರಕ್ತದ ಮಾತು. ಕಾದಾಟ ಇರುವುದು ಕೀಲಿನಲ್ಲಿ, ಮೂತ್ರಪಿಂಡದಲ್ಲಿ. ಅಲ್ಲಿ ಟಿ-ರೆಗ್ ಸಾಕಷ್ಟಿದ್ದರೂ ಉರಿಯೂತ ಎಷ್ಟು ತೀವ್ರವೆಂದರೆ ಎದುರಿನ ಕೋಶಗಳು ಅವುಗಳ ಅಂಕೆಗೆ ಸಿಗದೇ ಹೋಗಬಹುದು.

ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಬರೋಣ. ಐಎಲ್-2 ಚುಚ್ಚುಮದ್ದನ್ನು ಕ್ಯಾನ್ಸರ್‌ಗೆ ಕೊಡುವಾಗ 60 ಕೆ.ಜಿ. ತೂಕದವರಿಗೆ ಒಂದು ಸಲಕ್ಕೆ 3.6 ಕೋಟಿ ಯೂನಿಟ್ ಆಗುತ್ತದೆ. ಟಿ-ರೆಗ್ ಹೆಚ್ಚಿಸುವ ಪ್ರಯೋಗಗಳಲ್ಲಿ ದಿನಕ್ಕೆ 10 ಲಕ್ಷ ಯೂನಿಟ್ ಆಸುಪಾಸು. ರಕ್ತದಲ್ಲಿ ಟಿ-ರೆಗ್ ಏರುವುದು ನಿಜ, ಆದರೆ ಅದರ ಜೊತೆಗೆ ಅಲರ್ಜಿಯಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಕೂಡ ಏರುತ್ತದೆ. ರೋಗಿಯ ಟಿ-ರೆಗ್‌ಗಳನ್ನು ಹೊರಗೆ ಬೆಳೆಸಿ ಮತ್ತೆ ಕೊಡುವ ಚಿಕಿತ್ಸೆಯೂ ನಡೆಯುತ್ತಿದೆ. ಆಟೊಇಮ್ಯೂನ್ ಕಾಯಿಲೆಗಳಿಗೆ ಎರಡೂ ಇನ್ನೂ ಪ್ರಯೋಗದ ಹಂತದವು. ನಾರು ಹೆಚ್ಚಿರುವ ಆಹಾರದಿಂದ ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಬ್ಯುಟಿರೇಟ್, ಇಲಿಗಳ ಕರುಳಿನಲ್ಲಿ ಟಿ-ರೆಗ್ ಹೆಚ್ಚಿಸುತ್ತದೆ. ಸೊಪ್ಪು, ಕಾಳು ಧಾರಾಳವಾಗಿ ತಿನ್ನಿ, ಆದರೆ ಅದನ್ನು ನಂಬಿ ವೈದ್ಯರು ಕೊಟ್ಟ ಹೈಡ್ರಾಕ್ಸಿಕ್ಲೋರೊಕ್ವಿನ್‌ನಂಥ ಔಷಧಿ ಬಿಡಬೇಡಿ. ‘ಟಿ-ರೆಗ್ ಬೂಸ್ಟರ್’ ಎಂದು ಬರೆದ ಡಬ್ಬಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಅನೇಕ ಗಡ್ಡೆಗಳು ಟಿ-ರೆಗ್‌ಗಳನ್ನು ಸೆಳೆದು ತಮ್ಮ ಕಾವಲಿಗೆ ಇಟ್ಟುಕೊಳ್ಳುತ್ತವೆ. ಕ್ಯಾನ್ಸರ್‌ಗೆ ಕೊಡುವ ಇಪಿಲಿಮುಮಾಬ್ ಸಿಟಿಎಲ್‌ಎ-4 ಅನ್ನೇ ತಡೆಯುತ್ತದೆ, ಅದರ ಬೆಲೆಯಾಗಿ ಕರುಳು, ಥೈರಾಯ್ಡ್, ಪಿಟ್ಯುಟರಿಯ ಉರಿಯೂತ ಬರಬಹುದು. ಈ ಔಷಧಿಯಲ್ಲಿರುವವರಿಗೆ ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ವೈದ್ಯರಿಗೆ ತಿಳಿಸಬೇಕು.

ತಡಮಾಡದೆ ಟಿ-ರೆಗ್ ಕಡೆ ನೋಡಬೇಕಾದ ಸಂದರ್ಭ ಒಂದಿದೆ. ಗಂಡುಮಗುವಿಗೆ ಮೊದಲ ತಿಂಗಳುಗಳಲ್ಲೇ ನಿಲ್ಲದ ನೀರುಭೇದಿ, ಇನ್ಸುಲಿನ್ ಬೇಕಾಗುವ ಮಧುಮೇಹ, ಇಸುಬು ಒಟ್ಟಿಗೆ ಬಂದರೆ ಅದು ಫಾಕ್ಸ್‌ಪಿ3 ಕೆಟ್ಟು ಬರುವ ಐಪೆಕ್ಸ್ ಇರಬಹುದು. ತಾಯಿಯ ಕಡೆ ಗಂಡುಮಕ್ಕಳು ಎಳವೆಯಲ್ಲೇ ತೀರಿಹೋಗಿದ್ದರೆ ಅನುಮಾನ ಇನ್ನೂ ಗಟ್ಟಿ. ಇಲ್ಲಿಯೂ ಕೋಶಗಳ ಎಣಿಕೆ ಸಹಜವಾಗಿದೆ ಎಂದು ಸುಮ್ಮನಾಗಬಾರದು. ಎಷ್ಟೋ ರೂಪಾಂತರಗಳಲ್ಲಿ ಪ್ರೋಟೀನ್ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಜೀನ್ ಪರೀಕ್ಷೆಯನ್ನೇ ಮಾಡಿಸಬೇಕು. ಅಸ್ಥಿಮಜ್ಜೆ ಕಸಿಯಿಂದ ಹೊಸ ಟಿ-ರೆಗ್ ಬಂದು ದಾಳಿ ನಿಲ್ಲಬಹುದು. ಆದರೆ ಅಷ್ಟರಲ್ಲಿ ನಾಶವಾದ ಇನ್ಸುಲಿನ್ ಕೋಶಗಳು ಮರಳುವುದಿಲ್ಲ, ಕಸಿ ಯಶಸ್ವಿಯಾದರೂ ಮಗುವಿಗೆ ಇನ್ಸುಲಿನ್ ಮುಂದುವರಿಸಬೇಕಾಗುತ್ತದೆ.