ಯಾವ ಜಾಗ ಇಷ್ಟವಾಯ್ತು?

ನಾವು ಓದುತ್ತಿದ್ದಾಗ ಕಾಲೇಜಿನ ಲೈಬ್ರರಿಯಲ್ಲಿ ಒಬ್ಬೊಬ್ಬರಿಗೆ ಎರಡು ಕಾರ್ಡ್ ಕೊಡುತ್ತಿದ್ದರು. ಹೆಚ್ಚಿನವರಿಗೆ ಎರಡೂ ಪಠ್ಯಪುಸ್ತಕಕ್ಕೇ ಮುಗಿದುಹೋಗುತ್ತಿದ್ದವು. ನಮ್ಮ ಲೈಬ್ರರಿ ಸರ್ ಮಾತ್ರ ಮೊದಲ ವರ್ಷದವರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದರು: ‘ಒಂದು ಕಾರ್ಡ್ ಪರೀಕ್ಷೆಗೆ. ಇನ್ನೊಂದು ನಿನಗೆ. ಅದರಲ್ಲಿ ಫಿಸಿಕ್ಸ್ ಪುಸ್ತಕ ಕೇಳಬೇಡ, ಕೊಡೋದಿಲ್ಲ.’

ಆ ಎರಡನೇ ಕಾರ್ಡಿನ ಬಗ್ಗೆಯೇ ಇಲ್ಲಿ ಬರೆಯುತ್ತೇನೆ. ಕಾಲೇಜಿನ ನೆನಪುಗಳು ಬೇರೆಯೂ ಬೇಕಾದಷ್ಟಿವೆ. ಜೂನ್ ಮಳೆಯಲ್ಲಿ ಒದ್ದೆಯಾದ ರೆಕಾರ್ಡ್ ಪುಸ್ತಕ, ಬಾಟನಿ ಟೂರು, ಹಾಸ್ಟೆಲಿನ ಅನ್ನ ಸಾರು. ಆದರೆ ಅವೆಲ್ಲ ನನ್ನ ಬ್ಯಾಚಿನವರಿಗೆ ರುಚಿಸುವಂಥವು. ಈಗ ಅಲ್ಲಿ ಓದುತ್ತಿರುವ ನಿಮಗೆ ಕೈಗೆ ಸಿಗುವಂಥದ್ದು ಏನಾದರೂ ಹೇಳಬೇಕು ಅನಿಸಿತು. ಹಾಗಾಗಿ ಪುಸ್ತಕಗಳು.

ನಮ್ಮ ಸರ್ ಪುಸ್ತಕ ವಾಪಸ್ ತೆಗೆದುಕೊಳ್ಳುವಾಗ ‘ಹೇಗಿತ್ತು?’ ಅಂತ ಕೇಳುತ್ತಿರಲಿಲ್ಲ. ಅದಕ್ಕೆ ಎಲ್ಲರೂ ‘ಚೆನ್ನಾಗಿತ್ತು ಸರ್’ ಅಂದುಬಿಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ‘ಯಾವ ಜಾಗ ಇಷ್ಟವಾಯ್ತು?’ ಅಂತ ಕೇಳುತ್ತಿದ್ದರು. ಒಂದು ಪುಟ, ಒಬ್ಬ ಮನುಷ್ಯ, ಒಂದು ಮಾತು, ಏನಾದರೂ ಹೇಳಬೇಕು. ನಾವು ಹೇಳಿದ್ದನ್ನು ಕೇಳಿಕೊಂಡು ಕಪಾಟಿನ ಹತ್ತಿರ ಹೋಗಿ ಮುಂದಿನ ಪುಸ್ತಕ ತರುತ್ತಿದ್ದರು. ಇಷ್ಟವಾಗಲಿಲ್ಲ ಅಂದರೂ ಬೇಸರವಿಲ್ಲ. ‘ಹಾಗಾದರೆ ಎಲ್ಲಿ ನಿಲ್ಲಿಸಿದೆ?’ ಅಂತ ಕೇಳಿ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು.

ನನಗೆ ಮೊದಲು ಕೊಟ್ಟಿದ್ದು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ. ಮಲೆನಾಡಿನ ಹುಡುಗನಿಗೆ ಇದನ್ನು ಕೊಡುವುದರಲ್ಲಿ ಹೆಚ್ಚುಗಾರಿಕೆ ಏನಿದೆ ಅಂತ ನೀವು ಕೇಳಬಹುದು. ನಾನು ಹುಟ್ಟಿ ಬೆಳೆದ ಊರಿನಂಥದ್ದೇ ಊರು, ನಾನು ದಿನಾ ನೋಡುವ ಜನರಂಥವರೇ ಜನ ಅಚ್ಚಾದ ಪುಸ್ತಕದಲ್ಲಿ ಇರಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕತೆ ಶುರುವಾಗುವುದೇ ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಕೃಷಿ ಮಾಡಿ ಸೋತು ಸುಣ್ಣವಾದ ನಿರೂಪಕ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಇವರೆಲ್ಲರ ನಡುವೆ ಕರ್ವಾಲೊ ಎಂಬ ವಿಜ್ಞಾನಿ. ಎಲ್ಲರೂ ಕೊನೆಗೆ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಓತಿ ಸಿಕ್ಕಿತೋ ಇಲ್ಲವೋ ನಾನು ಹೇಳುವುದಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಕೊನೆಯ ಪುಟಗಳಿಗೆ ಬರುವಾಗ ಮೈ ಜುಮ್ಮೆನ್ನುತ್ತದೆ. ಕನ್ನಡದಲ್ಲಿ ಇಷ್ಟು ಸಲೀಸಾಗಿ ಓದಿಸಿಕೊಂಡು ಹೋಗಿ ಇಷ್ಟು ದೊಡ್ಡ ಪ್ರಶ್ನೆಯ ಮುಂದೆ ನಿಲ್ಲಿಸುವ ಇನ್ನೊಂದು ಕಾದಂಬರಿ ನನಗೆ ಈವರೆಗೂ ಸಿಕ್ಕಿಲ್ಲ.

‘ಯಾವ ಜಾಗ?’ ಅಂದಾಗ ನಾನು ಮಂದಣ್ಣನ ಹೆಸರು ಹೇಳಿದೆ. ಊರಿನವರೆಲ್ಲ ಕೆಲಸಕ್ಕೆ ಬಾರದವನು ಅಂದುಕೊಂಡವನು ಕರ್ವಾಲೊ ಕಣ್ಣಿಗೆ ಹುಟ್ಟು ಪ್ರಕೃತಿ ವಿಜ್ಞಾನಿಯಾಗಿ ಕಾಣುತ್ತಾನಲ್ಲ, ಆ ಜಾಗ. ಸರ್ ಒಳಗೆ ಹೋಗಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತಂದರು.

ಬಾಟನಿ ಓದುವವರು ಈ ಪುಸ್ತಕವನ್ನು ಓದದೆ ಡಿಗ್ರಿ ತೆಗೆದುಕೊಳ್ಳಬಾರದು. ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಗುಡ್ಡ ಸುತ್ತುವುದೇ ಈ ಪುಸ್ತಕದ ಕತೆ. ದಾರಿಯಲ್ಲಿ ಗಿಡ ಸಿಕ್ಕಾಗ ಅದರ ಹೆಸರು, ಕುಲ, ಹೂವಿನ ರಚನೆ ಎಲ್ಲ ಬರುತ್ತದೆ. ಅದರ ಜೊತೆಗೇ ಹಳೆಗನ್ನಡದ ಪದ್ಯ ಬರುತ್ತದೆ, ಹುಡುಗರ ತುಂಟಾಟ ಬರುತ್ತದೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಮರಗಳ ಬಗೆಗಿನ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ಓದಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಅದು ಮುಗಿದ ಮೇಲೆ ಅವರದ್ದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಕೇಳಿ ತೆಗೆದುಕೊಂಡೆ. ನಮ್ಮದೇ ಅಂತ ನಾವು ಅಂದುಕೊಂಡಿರುವ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ, ಟೊಮ್ಯಾಟೊ ಎಲ್ಲ ಸಮುದ್ರ ದಾಟಿ ಬಂದ ಕತೆ. ಆ ರಜೆಯಲ್ಲಿ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಇದು ಅಲ್ಲಿಂದ ಬಂತು, ಅದು ಇಲ್ಲಿಂದ ಬಂತು ಅಂತ ಹೇಳಿ ಹೇಳಿ ಅಮ್ಮನಿಗೂ ಆ ಪುಸ್ತಕ ಓದಿಸಿದೆ. ಹಸಿಮೆಣಸಿನಕಾಯಿ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರ ಅಜ್ಜಿಯರು ಖಾರಕ್ಕೆ ಕಾಳುಮೆಣಸನ್ನೇ ನೆಚ್ಚಿಕೊಂಡಿದ್ದರು ಅನ್ನುವುದನ್ನು ಅಮ್ಮ ಬಹಳ ದಿನ ನೆರೆಮನೆಯವರಿಗೆಲ್ಲ ಹೇಳುತ್ತಿದ್ದರು.

ಪುಸ್ತಕ ವಾಪಸ್ ಕೊಡುವಾಗ ‘ಕಡಲೆಕಾಯಿಯ ಜಾಗ’ ಅಂದೆ. ಸರ್ ನಕ್ಕರು. ‘ಇದರಲ್ಲೂ ಕಡಲೆಕಾಯಿ ಇದೆ, ಓದು’ ಅಂತ ಒಂದು ತೆಳ್ಳನೆಯ ಪುಸ್ತಕ ಕೊಟ್ಟರು. ದೇವನೂರ ಮಹಾದೇವರ ‘ಒಡಲಾಳ’.

ಸಾಕವ್ವನ ಹುಂಜ ಕಳೆದುಹೋಗಿದೆ. ಹುಡುಕುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ. ರಾತ್ರಿ ಮನೆಯವರೆಲ್ಲ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಮಕ್ಕಳು, ದೊಡ್ಡವರು, ಮುದುಕಿ ಎಲ್ಲರೂ. ಆಮೇಲೆ ಪೊಲೀಸರು ಬರುತ್ತಾರೆ. ಹೇಳಿದರೆ ಇಷ್ಟೇ ಕತೆ. ಆದರೆ ಆ ರಾತ್ರಿಯ ಕಡಲೆಕಾಯಿ ತಿನ್ನುವ ಪುಟಗಳಲ್ಲಿರುವ ಸಂತೋಷ, ಅದರ ಹಿಂದಿರುವ ಹಸಿವು, ಎರಡನ್ನೂ ಒಟ್ಟಿಗೆ ನಾನು ಬೇರೆಲ್ಲೂ ಓದಿಲ್ಲ. ಹೊಟ್ಟೆ ತುಂಬ ತಿಂದ ಮೇಲೆ ಮನೆಯವರ ಮಾತಿನ ಧಾಟಿಯೇ ಬದಲಾಗುತ್ತದೆ, ಗಮನಿಸಿ. ಭಾಷೆ ಮೈಸೂರು ಕಡೆಯ ಹಳ್ಳಿಯದ್ದು. ಬೇರೆ ಕಡೆಯವರಿಗೆ ಮೊದಲ ಪುಟ ಸ್ವಲ್ಪ ತಡವರಿಸಬಹುದು. ಜೋರಾಗಿ ಓದಿಕೊಳ್ಳಿ, ತಾನಾಗೇ ಬಿಡಿಸಿಕೊಳ್ಳುತ್ತದೆ. ಒಂದು ಸಂಜೆಗೆ ಮುಗಿಯುವ ಪುಸ್ತಕ. ಇದು ಇಷ್ಟವಾದರೆ ಸಿದ್ಧಲಿಂಗಯ್ಯನವರ ಆತ್ಮಕತೆ ‘ಊರುಕೇರಿ’ ತೆಗೆದುಕೊಳ್ಳಿ. ಅಷ್ಟು ಕಷ್ಟದ ಬಾಲ್ಯವನ್ನು ಅಷ್ಟು ನಗಿಸುತ್ತಾ ಹೇಳಲು ಎಷ್ಟು ದೊಡ್ಡ ಮನಸ್ಸು ಬೇಕು ಅಂತ ಓದುತ್ತಾ ಓದುತ್ತಾ ಅನಿಸುತ್ತಲೇ ಇರುತ್ತದೆ.

ಇದು ನನ್ನ ದಾರಿ. ಬೇರೆಯವರದ್ದು ಬೇರೆ ಇತ್ತು. ನನ್ನ ರೂಮಿನಲ್ಲಿದ್ದ ಗೆಳೆಯನಿಗೆ ವರ್ಣನೆ ಅಂದರೆ ಆಗುತ್ತಿರಲಿಲ್ಲ. ‘ಬೆಟ್ಟ, ಮೋಡ, ಸೂರ್ಯ ಇವೆಲ್ಲ ಬಿಟ್ಟು ಜನ ಮಾತಾಡೋದು ಮಾತ್ರ ಇರೋ ಪುಸ್ತಕ ಇದೆಯಾ?’ ಅಂತ ಕೇಳಿದ. ‘ಇದೆಯಪ್ಪ, ಅದಕ್ಕೆ ನಾಟಕ ಅಂತಾರೆ’ ಅಂತ ಸರ್ ಗಿರೀಶ್ ಕಾರ್ನಾಡರ ‘ತುಘಲಕ್’ ಕೊಟ್ಟರು. 1964ರ ನಾಟಕ. ಅವತ್ತು ರಾತ್ರಿ ಕರೆಂಟು ಹೋಗಿತ್ತು. ಮೇಣದ ಬತ್ತಿ ಹಚ್ಚಿಕೊಂಡು ಪಾತ್ರ ಹಂಚಿಕೊಂಡು ಓದಿದೆವು. ಅಜೀಜ್ ಅನ್ನುವ ಅಗಸ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ಮೊಕದ್ದಮೆ ಹೂಡಿ ಗೆಲ್ಲುತ್ತಾನೆ. ಆ ಪಾತ್ರಕ್ಕೆ ಎಲ್ಲರೂ ಜಗಳಕ್ಕೆ ಬಿದ್ದರು. ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಎತ್ತಿಕೊಂಡು ಹೋಗುವ ಸುಲ್ತಾನ ನಮಗೆ ಚರಿತ್ರೆಯ ಪಾಠದಲ್ಲಿ ಬರೀ ಹುಚ್ಚನಾಗಿದ್ದ. ಇಲ್ಲಿ ಅವನು ಬುದ್ಧಿವಂತ, ಕನಸುಗಾರ. ಅದಕ್ಕೇ ಇನ್ನೂ ಭಯವಾಗುತ್ತದೆ. ನಾಟಕಗಳನ್ನು ಒಬ್ಬರೇ ಓದಬೇಡಿ. ನಾಲ್ಕು ಜನ ಸೇರಿ, ದನಿ ಎತ್ತಿ ಓದಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನಂತೂ ಹಾಗೇ ಓದಬೇಕು.

ನಮ್ಮ ಕ್ಲಾಸಿನ ಹುಡುಗಿಯರ ಕೈಯಲ್ಲಿ ತ್ರಿವೇಣಿಯವರ ಕಾದಂಬರಿಗಳು ತಿರುಗುತ್ತಿದ್ದವು. ಅವು ಹುಡುಗಿಯರ ಪುಸ್ತಕ ಅಂತ ಹುಡುಗರು ಮುಟ್ಟುತ್ತಿರಲಿಲ್ಲ. ಎಂಥ ನಷ್ಟ ಅದು. ‘ಶರಪಂಜರ’ವನ್ನು ಸಿನಿಮಾ ಆಗಿ ನೋಡಿದವರು ತುಂಬ ಜನ ಇದ್ದಾರೆ, ದಯವಿಟ್ಟು ಪುಸ್ತಕವನ್ನೂ ಓದಿ. ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಸರಿಯಾಗಿದ್ದಾಳೆ. ಸುತ್ತಲಿನವರ ನೋಟ ಸರಿಯಾಗುವುದಿಲ್ಲ. ತ್ರಿವೇಣಿಯವರು ಇದನ್ನೆಲ್ಲ ಬರೆದು 1963ರಲ್ಲೇ ತೀರಿಕೊಂಡರು, ಇನ್ನೂ ಚಿಕ್ಕ ವಯಸ್ಸು. ಖಿನ್ನತೆಯ ಬಗ್ಗೆ ಇವತ್ತು ನಾವು ಎಷ್ಟೆಲ್ಲ ಮಾತಾಡುತ್ತೇವೆ. ಅವರು ಅಷ್ಟು ಹಿಂದೆ, ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಅರ್ಥವಾಗುವ ಹಾಗೆ ಬರೆದರು. ಅಲ್ಲಿಂದ ವೈದೇಹಿಯವರ ಕತೆಗಳಿಗೆ ಹೋಗಬಹುದು. ಕುಂದಾಪುರದ ಅಡುಗೆಮನೆ, ಜಗಲಿ, ಅಲ್ಲಿ ಹೆಂಗಸರು ಆಡುವ ಮತ್ತು ಆಡದೆ ಬಿಡುವ ಮಾತು. ‘ಅಕ್ಕು’ವಿನಿಂದ ಶುರು ಮಾಡಿ.

ಪತ್ತೇದಾರಿ ಬೇಕು ಅನ್ನುವವರು ನಾಚಿಕೊಳ್ಳಬೇಕಾಗಿಲ್ಲ. ನಮ್ಮ ಸರ್ ಅದನ್ನು ಯಾವತ್ತೂ ಕೀಳಾಗಿ ನೋಡಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿಯೇ ನಮ್ಮ ಅಪ್ಪನ ಕಾಲದ ಎಷ್ಟೋ ಜನ ಕನ್ನಡ ಓದುವ ರೂಢಿ ಹಚ್ಚಿಕೊಂಡರು. ಈಗಿನವರಿಗೆ ಕೆ.ಎನ್. ಗಣೇಶಯ್ಯನವರು ಇದ್ದಾರೆ. ಕೃಷಿ ವಿಜ್ಞಾನಿ. ಶಾಸನ, ದೇವಸ್ಥಾನ, ಹಳೆಯ ನಿಧಿ, ವಿಜ್ಞಾನ ಎಲ್ಲ ಸೇರಿಸಿ ಓಡಿಸುತ್ತಾರೆ. ‘ಕನಕ ಮುಸುಕು’ ತೆಗೆದುಕೊಂಡು ನೋಡಿ. ತೇಜಸ್ವಿಯವರದ್ದೇ ‘ಜುಗಾರಿ ಕ್ರಾಸ್’ ಕೂಡ ಇದೇ ಸಾಲಿಗೆ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿಗೆ 24 ಗಂಟೆಯೊಳಗೆ ಏನೆಲ್ಲ ಆಗುತ್ತದೆ ಅನ್ನುವ ಕತೆ. ರಾತ್ರಿ ಶುರು ಮಾಡಿದರೆ ನಿದ್ದೆ ಕೆಡುತ್ತದೆ. ಕಾಡು, ಹುಲಿ ಬೇಕು ಅನ್ನುವವರಿಗೆ ಬೆಂಗಳೂರಿನಲ್ಲಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದಿದ್ದನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ, ‘ಕಾಡಿನ ಕತೆಗಳು’ ಅಂತ.

ಕೆಲಸ ಸಿಕ್ಕ ಮೇಲೆ ವರ್ಗಾವಣೆಯ ನೌಕರಿ. ಬಸ್ಸು, ರೈಲು ಜಾಸ್ತಿ. ಪ್ರವಾಸದ ಪುಸ್ತಕಗಳ ರುಚಿ ಹತ್ತಿದ್ದು ಆಗಲೇ. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಓದುತ್ತಾ ರೈಲಿನಲ್ಲಿ ಒಬ್ಬನೇ ನಕ್ಕಿದ್ದೇನೆ. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿ, ನಮ್ಮ ಬ್ಯಾಂಕಿನ ಒಬ್ಬ ಸಹೋದ್ಯೋಗಿ ಅಕ್ಕ ಮೊದಲ ಸಲ ಗೆಳತಿಯರ ಜೊತೆ ಪ್ರವಾಸ ಹೊರಟರು. ಅವರದ್ದೇ ‘ಯಾದ್ ವಶೇಮ್’ ಅನ್ನುವ ಕಾದಂಬರಿಯೂ ಇದೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಕತೆ. ಅದನ್ನು ಪ್ರಯಾಣದಲ್ಲಿ ಓದಬೇಡಿ, ಮನೆಯಲ್ಲಿ ಓದಿ. ಕಣ್ಣು ಒರೆಸಿಕೊಳ್ಳಲು ಜಾಗ ಬೇಕು.

ಚರಿತ್ರೆ ಇಷ್ಟಪಡುವವರಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರಲ್ಲಿ ಬಂತು. ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್, ಇನ್ನೊಂದು ಕಡೆ ತುಂಗಭದ್ರೆಯ ದಡದ ವಿಜಯನಗರ. ಎರಡು ನದಿಗಳ ಜನ ಗೋವೆಯ ಕಡೆಗೆ ಹರಿದು ಬರುವುದನ್ನು ನೋಡುತ್ತಿದ್ದರೆ ಪುಸ್ತಕದ ದಪ್ಪ ಮರೆತೇಹೋಗುತ್ತದೆ. ದಪ್ಪ ಪುಸ್ತಕ ಬೇಡ, ಒಂದು ಬಸ್ ಪ್ರಯಾಣಕ್ಕೆ ಸಾಕಾಗುವಂಥದ್ದು ಕೊಡಿ ಅಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಬೆಂಗಳೂರಿನ ಒಂದು ಕುಟುಂಬ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದಂತೆ ದುಡ್ಡು ಬರುತ್ತದೆ. ದುಡ್ಡು ಬಂದ ಮೇಲೆ ಆ ಮನೆಯವರು ಏನಾದರು? ಹಳೆಯ ಮನೆಯ ಇರುವೆಗಳ ಭಾಗ ಬಂದಾಗ ನಿಧಾನವಾಗಿ ಓದಿ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಒಂದು ಮಾತು ಹೇಳಲೇಬೇಕು. 1967ರ ಈ ಕಾದಂಬರಿಯ ಗಾತ್ರ ನೋಡಿ ಹೆದರಿ ವಾಪಸ್ ಇಟ್ಟವರು ನಮ್ಮಲ್ಲೇ ಎಷ್ಟೋ ಜನ. ನನಗೆ ಸರ್ ಒಂದು ಉಪಾಯ ಹೇಳಿಕೊಟ್ಟಿದ್ದರು. ಒಂದು ಹಾಳೆಯಲ್ಲಿ ಮನೆಗಳ ಹೆಸರು ಬರೆದುಕೋ: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು. ಯಾರು ಬಂದರೂ ಅವರ ಮನೆಯ ಕೆಳಗೆ ಹೆಸರು ಸೇರಿಸುತ್ತಾ ಹೋಗು. ಐವತ್ತು ಪುಟದ ಹೊತ್ತಿಗೆ ಹಾಳೆ ಬೇಕಾಗುವುದಿಲ್ಲ. ಹಾಗೇ ಆಯಿತು. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ನಡೆದುಕೊಂಡು ಬರುತ್ತಾನಲ್ಲ, ಅವನ ಹಿಂದೆ ಹೊರಟವನು ನಾನು ಆ ಬೇಸಿಗೆ ರಜೆ ಪೂರ್ತಿ ಆ ಕಾಡಿನಲ್ಲೇ ಇದ್ದೆ. ಮೂರನೇ ವರ್ಷದವರೆಗೆ ಇದನ್ನು ಮುಂದಕ್ಕೆ ಹಾಕಿದರೂ ಪರವಾಗಿಲ್ಲ, ಆದರೆ ಕಾಲೇಜು ಬಿಡುವ ಮೊದಲು ಓದಿ. ನೌಕರಿ ಸೇರಿದ ಮೇಲೆ ಅಷ್ಟು ಉದ್ದದ ರಜೆ ಮತ್ತೆ ಸಿಗುವುದಿಲ್ಲ.

ಪದ್ಯ ಅಂದರೆ ಪರೀಕ್ಷೆಯ ಭಾವಾರ್ಥವೇ ನೆನಪಾಗುತ್ತದೆ ಅನ್ನುವವರು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಒಮ್ಮೆ ಸುಮ್ನೆ ತೆರೆದು ನೋಡಿ. 1942ರಿಂದ ಅದು ಅಚ್ಚಾಗುತ್ತಲೇ ಇದೆ. ಯಾರೂ ಭಾವಾರ್ಥ ಕೇಳುವುದಿಲ್ಲ.

ಲೈಬ್ರರಿ ಸರ್ ನಿವೃತ್ತರಾಗಿ ತುಂಬ ಕಾಲವಾಯಿತು. ನಾನು ಈಗಲೂ ಯಾರಿಗಾದರೂ ಪುಸ್ತಕ ಕೊಟ್ಟರೆ ಅವರ ಪ್ರಶ್ನೆಯನ್ನೇ ಕೇಳುತ್ತೇನೆ. ಬ್ಯಾಂಕಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಅಣ್ಣನ ಮಕ್ಕಳಿಗೆ. ಉತ್ತರ ಕೇಳಿದ ಮೇಲೆ ಮುಂದಿನ ಪುಸ್ತಕ ಯಾವುದು ಅಂತ ಯೋಚಿಸುವುದು ನನಗೆ ಓದಿನಷ್ಟೇ ಖುಷಿ ಕೊಡುತ್ತದೆ. ನೀವೂ ನಿಮ್ಮ ಗೆಳೆಯರಿಗೆ ಹೀಗೆ ಕೇಳಿ ನೋಡಿ.

ಇಲ್ಲಿ ಹೆಸರಿಸಿದ ಪುಸ್ತಕಗಳಲ್ಲಿ ಯಾವುದಾದರೂ ನಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ, ಅಥವಾ ಹಾಳೆ ಹರಿದಿದ್ದರೆ, ಈಗಿನ ಗ್ರಂಥಪಾಲಕರು ಒಂದು ಪಟ್ಟಿ ಮಾಡಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಕೊಡಲಿ. ನಾನು ಕಳಿಸಿಕೊಡುತ್ತೇನೆ. ನಮ್ಮ ಬ್ಯಾಚಿನ ಇನ್ನೂ ಕೆಲವರು ಕೈಜೋಡಿಸುವುದಾಗಿ ಹೇಳಿದ್ದಾರೆ. ಆ ಪಟ್ಟಿಯಲ್ಲಿ ಕಾರಂತರ ‘ಬೆಟ್ಟದ ಜೀವ’ವನ್ನು ಮರೆಯದೆ ಸೇರಿಸಿ. ಸುಬ್ರಹ್ಮಣ್ಯದ ಕಡೆ ಕಾಡಿನಲ್ಲಿ ದಾರಿ ತಪ್ಪಿದವನಿಗೆ ಗೋಪಾಲಯ್ಯನವರ ಮನೆಯಲ್ಲಿ ಸಿಗುವ ಉಪಚಾರ, ಊರು ಬಿಟ್ಟುಹೋದ ಮಗನಿಗಾಗಿ ಆ ಗಂಡ ಹೆಂಡತಿ ಕಾಯುವುದು, ಇವನ್ನು ಹಾಸ್ಟೆಲಿನಲ್ಲಿರುವವರು ಓದಲೇಬೇಕು. ಅದರದ್ದು ಎರಡು ಪ್ರತಿ ಇರಲಿ. ನಮ್ಮ ಕಾಲದಲ್ಲಿ ಅದು ಕಪಾಟಿನಲ್ಲಿ ಸಿಗುತ್ತಲೇ ಇರಲಿಲ್ಲ.