ಕಸ್ತೂರಿರಂಗನ್ ವರದಿಯೂ ನಮ್ಮ ಅಡಿಕೆ ತೋಟವೂ

"ಕಸ್ತೂರಿರಂಗನ್ ವರದಿ ಬಂದ್ರೆ ಕೊಳೆರೋಗಕ್ಕೆ ಮೈಲುತುತ್ತನೂ ಹೊಡೆಯೋ ಹಾಗಿಲ್ವಂತೆ ಮಾರಾಯ" ಎಂದರು ಪಕ್ಕದ ತೋಟದ ಭಟ್ಟರು, ಔಷಧಿ ಪೈಪ್ ಸುತ್ತುತ್ತಾ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಉಳಿಸೋಕೆ ಆ ವರದಿ ಆಧರಿಸಿ ಕೇಂದ್ರ ಸರ್ಕಾರ ಹೊರಡಿಸಿದ 2024ರ ಜುಲೈ ತಿಂಗಳ ಕರಡು ಅಧಿಸೂಚನೆ ತೆಗೆದು ಓದಿದೆ. ಆ ಪ್ರದೇಶದೊಳಗೆ ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಇವೆಲ್ಲ ನಿಷೇಧ. ಅಡಿಕೆಗೆ ಔಷಧಿ ಹೊಡೆಯಬೇಡಿ ಎಂದು ಎಲ್ಲೂ ಇಲ್ಲ. ನಮ್ಮ ಮನೆ ಅಷ್ಟು ದೊಡ್ಡದಾಗೋಕೆ ಏಳು ಜನ್ಮ ಬೇಕು, ಬಿಡಿ.

ಹಾಗಂತ ಭಟ್ಟರ ಭಯ ಪೂರ್ತಿ ಸುಳ್ಳಲ್ಲ. ಸೂಕ್ಷ್ಮ ಪ್ರದೇಶದ ಗಡಿ ಗುರುತಿಸಿದ್ದು ಉಪಗ್ರಹ ಚಿತ್ರ ನೋಡಿ. ಮೇಲಿಂದ ತೋಟ ಯಾವುದು, ಕಾಡು ಯಾವುದು ಅಂತ ಸರಿಯಾಗಿ ಗೊತ್ತಾಗುತ್ತಾ? ಅದರಲ್ಲಿ ನಮ್ಮ ಕರ್ನಾಟಕದ ಪಾಲೇ 20,668 ಚದರ ಕಿ.ಮೀ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಭಟ್ಟರಿಗೆ ಸಮಾಧಾನ. ಕ್ವಾರಿಯವರಿಗೆ ಅದಕ್ಕಿಂತ ಜಾಸ್ತಿ, ಅಲ್ವಾ?